ಲೈಕ್ ಬರುತ್ತವೆ, ಗಿರಾಕಿ ಬರುವುದಿಲ್ಲ

ಪ್ರಶ್ನೆ: ಧಾರವಾಡದಲ್ಲಿ ನಮ್ಮದು ಇಳಕಲ್ ಸೀರೆ ಮತ್ತು ಖಣದ ಚಿಕ್ಕ ಅಂಗಡಿ. ಮುಖ್ಯ ರಸ್ತೆ ಬಿಟ್ಟು ಒಳಗಿನ ಓಣಿಯಲ್ಲಿದೆ. ಮಗ ದಿನಾ ಇನ್‌ಸ್ಟಾಗ್ರಾಂನಲ್ಲಿ ಫೋಟೊ ಹಾಕುತ್ತಾನೆ. ಲೈಕ್ ಬರುತ್ತವೆ, ವ್ಯಾಪಾರ ಆಗುವುದಿಲ್ಲ. ಈಗ ಜಾಹೀರಾತಿಗೆ 20,000 ರೂಪಾಯಿ ಹಾಕೋಣ ಅನ್ನುತ್ತಿದ್ದಾನೆ. ಹಾಕಬಹುದೇ? ಅಂಗಡಿಗೂ ಜನ ಬರಬೇಕು, ಫೋನಿನಲ್ಲೂ ಮಾರಾಟ ಆಗಬೇಕು.
— ಹೆಸರು ಬೇಡ, ಧಾರವಾಡ

ಉತ್ತರ: ಸದ್ಯಕ್ಕೆ ಆ ದುಡ್ಡು ಗಲ್ಲಾಪೆಟ್ಟಿಗೆಯಲ್ಲೇ ಇರಲಿ.

ನೀವು ಕಳಿಸಿದ ಫೋಟೊ ನೋಡಿದೆ. ಸೀರೆಗಳು ಚೆನ್ನಾಗಿವೆ. ಆದರೆ ಒಂದರ ಕೆಳಗೂ ಬೆಲೆ ಇಲ್ಲ. ‘ಬೆಲೆಗೆ ಮೆಸೇಜ್ ಮಾಡಿ’ ಅಂತಿದೆ. ನಾನು ತುಮಕೂರಿನಲ್ಲಿ 22 ವರ್ಷ ಪಾತ್ರೆ ಅಂಗಡಿ ನಡೆಸಿದವನು. ರೇಟು ಕೇಳಲು ಸಂಕೋಚಪಟ್ಟು ಬಾಗಿಲಿನಿಂದಲೇ ವಾಪಸ್ ಹೋದವರನ್ನು ಬೇಕಾದಷ್ಟು ನೋಡಿದ್ದೇನೆ. ಫೋನಿನಲ್ಲಂತೂ ಬೆರಳು ಸರಿಸಿದರೆ ಇನ್ನೊಂದು ಅಂಗಡಿ. ಪಕ್ಕದವರಿಗೆ ರೇಟು ಗೊತ್ತಾಗುತ್ತದೆ ಅಂತ ಭಯವೇ? ಅವರಿಗೆ ಆಗಲೇ ಗೊತ್ತಿರುತ್ತದೆ ಬಿಡಿ.

ಫೋಟೊಗಳನ್ನು ಟ್ಯೂಬ್‌ಲೈಟ್ ಕೆಳಗೆ ತೆಗೆದಿದ್ದೀರಿ, ಅಲ್ವಾ? ದಾಳಿಂಬೆ ಬಣ್ಣ ಇಟ್ಟಿಗೆ ಬಣ್ಣವಾಗಿ ಕಾಣುತ್ತಿದೆ. ಬೆಳಗ್ಗೆ ಬಾಗಿಲ ಹತ್ತಿರ ಹಾಸಿ ತೆಗೆಯಿರಿ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಎಳೆಗೂ (ಉದ್ದದ ನೂಲಿಗೂ) ಸೆರಗಿನ ಹಾಸು ಎಳೆಗೂ ಕೊಂಡಿ ಹಾಕಿ ಸೇರಿಸುತ್ತಾರೆ. ಮಗ ಆ ಜಾಗಕ್ಕೆ ಕ್ಯಾಮೆರಾ ಒಯ್ದು, ಸೀರೆ ತಿರುಗಿಸಿ ಹಿಂಬದಿಯನ್ನೂ ತೋರಿಸಲಿ. ಅಂಗಡಿಯಲ್ಲಿ ನೀವು ಬಾಯಲ್ಲಿ ಹೇಳುವುದೆಲ್ಲ ಕೆಳಗೆ ಬರೆಯಿರಿ: ಹತ್ತಿಯೋ, ರೇಷ್ಮೆಯೋ, ಆರ್ಟ್ ಸಿಲ್ಕೋ (ಕೃತಕ ರೇಷ್ಮೆ), ಎಷ್ಟು ಗಜ, ರವಿಕೆ ಕಣ ಇದೆಯೋ ಇಲ್ಲವೋ. ಪವರ್‌ಲೂಮ್ ಆಗಿದ್ದರೆ ಹಾಗಂತಲೇ ಬರೆಯಿರಿ. ಕೈಮಗ್ಗ ಅಂತ ಹೇಳಿ ಒಮ್ಮೆ ಸಿಕ್ಕಿಬಿದ್ದರೆ ಆ ಗಿರಾಕಿಯ ಜೊತೆ ಅವರ ಇಡೀ ಬಳಗವೇ ಹೋಗುತ್ತದೆ.

ಇನ್ನು ಓಣಿಯ ವಿಷಯ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಸೇರಿಸಲು ದುಡ್ಡು ಕೊಡಬೇಕಿಲ್ಲ. ಅಂಗಡಿ ನಿಮ್ಮದೇ ಅಂತ ತೋರಿಸಲು ಸಾಮಾನ್ಯವಾಗಿ ಒಂದು ವಿಡಿಯೊ ಕೇಳುತ್ತಾರೆ: ರಸ್ತೆ, ಬೋರ್ಡು, ಒಳಗಿನ ಕಪಾಟು. ಅದಾದ ಮೇಲೆ ನೀವೇ ಬೇರೆಯವರ ಫೋನಿನಲ್ಲಿ ಹುಡುಕಿ, ಮುಖ್ಯ ರಸ್ತೆಯಿಂದ ನಡೆದು ನೋಡಿ. ನಾನು ಹಾಗೆ ಮಾಡಲಿಲ್ಲ. ನನ್ನ ಗುರುತು ಹಿಂದಿನ ಬೀದಿಯಲ್ಲಿ ಬಿದ್ದಿತ್ತು. ಎಂಟು ತಿಂಗಳಾದ ಮೇಲೆ ಗೃಹಪ್ರವೇಶಕ್ಕೆ ಕೊಳಗ ಕೊಳ್ಳಲು ಬಂದವರೊಬ್ಬರು ‘ಎರಡು ಸಲ ಬಂದು ಹೋದೆ ಸ್ವಾಮಿ, ಇಲ್ಲಿ ಹಿಟ್ಟಿನ ಗಿರಣಿ ಇದೆ’ ಅಂತ ಫೋನ್ ಮಾಡಿದಾಗಲೇ ಗೊತ್ತಾಗಿದ್ದು. ಅಂಥವರು ಇನ್ನೆಷ್ಟು ಜನ ಫೋನೂ ಮಾಡದೆ ಹೋದರೋ! ವಾರದ ರಜೆ, ಹಬ್ಬದ ರಜೆಯನ್ನೂ ಅದರಲ್ಲಿ ಹಾಕಿ. ಬಿಲ್ ಮಾಡುವಾಗ ‘ಗೂಗಲ್‌ನಲ್ಲಿ ನಮ್ಮ ಅಂಗಡಿ ಬಗ್ಗೆ ನಾಲ್ಕು ಮಾತು ಬರೆಯಿರಿ’ ಅಂತ ಗಿರಾಕಿಯನ್ನು ಕೇಳಬಹುದು. ಅದಕ್ಕೆ ರಿಯಾಯಿತಿ ಮಾತ್ರ ಕೊಡಬೇಡಿ, ಗೂಗಲ್ ಅದನ್ನು ಒಪ್ಪುವುದಿಲ್ಲ.

ವಾಟ್ಸ್‌ಆಪ್ ಬಿಸಿನೆಸ್ ಹಾಕಿಕೊಳ್ಳಿ, ಬೆಲೆಯ ಸಮೇತ ಕ್ಯಾಟಲಾಗ್ ಮಾಡಿ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ (ಒಂದೇ ಸಲ ಹಲವರಿಗೆ) ಕಳಿಸಿದ್ದು ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಹಾಗಾಗಿ ಸುಮ್ನೆ ಅವರ ನಂಬರ್ ಬರೆದಿಟ್ಟುಕೊಂಡರೆ ಸಾಲದು. ಕೌಂಟರಿನಲ್ಲಿ ನಿಂತಿರುವಾಗಲೇ ನಿಮ್ಮ ನಂಬರ್ ಸೇವ್ ಮಾಡಿಸಿ. ದಿನಾ ಗುಡ್ ಮಾರ್ನಿಂಗ್ ಕಳಿಸಿ ಪ್ರಾಣ ತಿನ್ನಬೇಡಿ. ಪಂಚಮಿಗೆ, ದೀಪಾವಳಿಗೆ ಹೊಸ ಮಾಲು ಬಂದಾಗ ಸಾಕು. ಕುಬಸಕ್ಕೆ (ಸೀಮಂತಕ್ಕೆ) ಹಸಿರು ಸೀರೆ ಯಾವಾಗಲೂ ಬೇಕು, ಅದಕ್ಕೆ ಬೇರೆಯೇ ಒಂದು ಸಾಲು ಇರಲಿ.

ದೂರದವರು ದುಡ್ಡು ಹಾಕಿದ್ದೇವೆ ಅಂತ ಸ್ಕ್ರೀನ್‌ಶಾಟ್ ಕಳಿಸಿದರೆ, ಖಾತೆ ನೋಡದೆ ಪಾರ್ಸೆಲ್ ಕಟ್ಟಬೇಡಿ.

ಅಂಗಡಿಗೆ ಜನ ಬರಲು ನನಗೆ ಜಾಸ್ತಿ ನಂಬಿಕೆ ಇರುವುದು ಬೇರೊಂದರ ಮೇಲೆ. ನಾವು ಪಾತ್ರೆಗೆ ಹೆಸರು ಕೊರೆದು ಕೊಡುತ್ತಿದ್ದೆವು. ಕೊಟ್ಟು ಹೋಗಲು ಒಂದು ಸಲ, ಒಯ್ಯಲು ಒಂದು ಸಲ ಬರುತ್ತಿದ್ದರು. ಎರಡನೇ ಸಲ ಒಂದು ಲೋಟವನ್ನಾದರೂ ಕೊಳ್ಳದೆ ಹೋದವರು ಕಡಿಮೆ. ನೀವು ಸೀರೆಗೆ ಫಾಲ್, ಪಿಕೊ, ಕುಚ್ಚು ಹಾಕಿಕೊಡುವ ಕೆಲಸ ಹಿಡಿಯಿರಿ. ಬೇರೆ ಅಂಗಡಿಯ ಸೀರೆ ತಂದರೂ ಮುಖ ಗಂಟಿಕ್ಕದೆ ತೆಗೆದುಕೊಳ್ಳಿ.

ಇಷ್ಟೆಲ್ಲ ಮಾಡಿ ಎರಡು ತಿಂಗಳು ನೋಡಿ. ಆಮೇಲೂ ಮಗ ಜಾಹೀರಾತು ಬೇಕೆಂದರೆ ಧಾರವಾಡ, ಹುಬ್ಬಳ್ಳಿಗೆ ಮಾತ್ರ ಕಾಣುವಂತೆ 1,000 ರೂಪಾಯಿ ಹಾಕಿ ನೋಡಲಿ. ಅದಕ್ಕೂ ಮೊದಲು ಓಣಿಯ ಮೂಲೆಯಲ್ಲಿರುವ ಅಂಗಡಿಯವರನ್ನು ಕೇಳಿ, ಅವರ ಗೋಡೆಗೆ ಬಾಣದ ಗುರುತಿನ ಬೋರ್ಡು ಹಾಕಿಸಿ.