ಜ್ವರ ಬಿಟ್ಟ ಮೇಲೆ ಮೊಸರನ್ನ ಕೊಡಬಹುದೇ?

ಪ್ರಶ್ನೆ: ನಮ್ಮ ಅತ್ತೆಗೆ 70 ವರ್ಷ. ಟೈಫಾಯ್ಡ್ ಜ್ವರ ಬಿಟ್ಟು ವಾರವಾಯಿತು. ಗಂಜಿ ಕಂಡರೆ ಮುಖ ತಿರುಗಿಸುತ್ತಾರೆ. ದೇವರಿಗೆ ನೈವೇದ್ಯ ಮಾಡಿದ ಮೊಸರನ್ನ ಕೊಡಿ ಎನ್ನುತ್ತಾರೆ. ಶೀತವಾಗಿ ಜ್ವರ ಮರುಕಳಿಸುತ್ತದೆ ಎಂದು ಮನೆಯವರು ಬಿಡುತ್ತಿಲ್ಲ.

ಉತ್ತರ: ಇವತ್ತೇ ಕೊಡಿ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತದೆ. ಟೈಫಾಯ್ಡ್ ಮರುಕಳಿಸುವುದು ದೇಹದಲ್ಲಿ ಉಳಿದುಕೊಂಡ ರೋಗಾಣುವಿನಿಂದ, ಮೊಸರಿನಿಂದಲ್ಲ. ಮಾತ್ರೆಯನ್ನು ಅರ್ಧಕ್ಕೆ ನಿಲ್ಲಿಸಿದ್ದೀರಾ ಎಂದು ಮೊದಲು ನೋಡಿಕೊಳ್ಳಿ. ಶೀತ ತರುವುದು ವೈರಸ್.

ಬಾಯಿರುಚಿ ಕೆಟ್ಟವರು ತಾವಾಗಿ ಒಂದು ಊಟ ಕೇಳುತ್ತಿದ್ದಾರೆ, ಅದೂ ದೇವರ ಮುಂದಿಟ್ಟದ್ದನ್ನು. ಹಾಸಿಗೆ ಹಿಡಿದವರು ಪೂಜೆಗೂ ಇಲ್ಲ, ಪಂಕ್ತಿಗೂ ಇಲ್ಲ. ಪ್ರಸಾದ ಕೈಗೆ ಬಂದಾಗ ಮತ್ತೆ ಮನೆಯವರೊಳಗೆ ಒಬ್ಬಳಾದೆ ಎಂಬ ಧೈರ್ಯ ಬರುತ್ತದೆ. ಆ ಧೈರ್ಯದಲ್ಲಿ ಇಳಿಯುವ ನಾಲ್ಕು ತುತ್ತನ್ನು ನಾನು ಯಾವ ಟಾನಿಕ್ಕಿಗಿಂತಲೂ ಹೆಚ್ಚು ನಂಬುತ್ತೇನೆ. ದೇಹಕ್ಕೂ ಅದು ಸರಿಯಾದದ್ದೇ. ಕಾಯಿಲೆಯಿಂದ ಸೊರಗಿದ ಕರುಳಿಗೆ ಹಾಲಿನ ಸಕ್ಕರೆ ಅರಗುವುದು ಕಷ್ಟ. ಮೊಸರಿನಲ್ಲಿ ಅದರ ಒಂದು ಪಾಲನ್ನು ಬ್ಯಾಕ್ಟೀರಿಯಾ ಆಗಲೇ ಮುಗಿಸಿರುತ್ತವೆ. ಉಳಿದದ್ದನ್ನು ಅರಗಿಸುವ ಕಿಣ್ವವೂ ಅವುಗಳಲ್ಲೇ ಇರುತ್ತದೆ.

ಮಾಡುವ ಕ್ರಮದಲ್ಲಿ ಮಾತ್ರ ಉದಾಸೀನ ಬೇಡ. ಕಾಯಿಸಿದ ಅರ್ಧ ಲೀಟರ್ ಹಾಲಿಗೆ 2 ದೊಡ್ಡ ಚಮಚ ಕೆನೆರಹಿತ ಹಾಲಿನ ಪುಡಿ ಕದಡಿ. ಸುಮಾರು 5 ಗ್ರಾಂ ಪ್ರೋಟೀನ್ ಹೆಚ್ಚು ಸಿಗುತ್ತದೆ. ಉಗುರು ಬೆಚ್ಚಗಾದಾಗ ಒಂದು ಟೀ ಚಮಚ ತಾಜಾ ಹೆಪ್ಪು ಹಾಕಿ. ಹಾಲು ಬಿಸಿಯಿದ್ದರೆ ಹೆಪ್ಪು ಸಾಯುತ್ತದೆ, ತೀರಾ ತಣ್ಣಗಿದ್ದರೆ ಮೊಸರು ಲೋಳೆಯಾಗುತ್ತದೆ. 6ರಿಂದ 8 ಗಂಟೆ ಸಾಕು. ಚಳಿಗಾಲದಲ್ಲಿ ಇನ್ನೂ ಹೊತ್ತು ಬೇಕು. ಕಾಲು ಲೋಟ ಅಕ್ಕಿಯನ್ನು ಐದರಷ್ಟು ನೀರಿನಲ್ಲಿ ಮೆತ್ತಗೆ ಬೇಯಿಸಿ, ಬಿಸಿಯಿರುವಾಗಲೇ ಮಸೆಯಿರಿ. ಮೊಸರು ಕಲಸುವುದು ಅನ್ನ ಆರಿದ ಮೇಲೆ. ಬಿಸಿ ಅನ್ನಕ್ಕೆ ಸುರಿದರೆ ಒಡೆದು ನೀರು ಬಿಡುತ್ತದೆ, ಬ್ಯಾಕ್ಟೀರಿಯಾವೂ ಉಳಿಯುವುದಿಲ್ಲ. ನೈವೇದ್ಯಕ್ಕೆ ಮುಂಚೆ ರುಚಿ ನೋಡುವಂತಿಲ್ಲವಲ್ಲ, ಉಪ್ಪನ್ನು ಅಳೆದೇ ಹಾಕಿ: ಕಾಲು ಟೀ ಚಮಚ. ಶುಂಠಿ ತುರಿ ಇರಲಿ, ಹಸಿಮೆಣಸಿನಕಾಯಿ ಬೇಡ.

ಬೆಳಿಗ್ಗೆ ಕಲಸಿ ಮಧ್ಯಾಹ್ನದವರೆಗೆ ದೇವರ ಮುಂದೆ ಇಡಬೇಡಿ. ಹೊರಗೆ ಕುಳಿತ ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಂಗಳಾರತಿ ಆದ ಕೂಡಲೇ ಬಡಿಸಿ. ಮೊದಲ ದಿನ ನಾಲ್ಕು ಚಮಚ, ಹೊಟ್ಟೆ ಒಪ್ಪಿದರೆ ಮಾರನೇ ದಿನ ಅರ್ಧ ಬಟ್ಟಲು. ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ ನಡೆಯುತ್ತಿದ್ದರೆ ಮೊಸರಿಗೆ 2 ಗಂಟೆ ಮುಂಚೆ ಅಥವಾ 6 ಗಂಟೆ ನಂತರ ಅದನ್ನು ಕೊಡಿ. ಮೊಸರಿನ ಕ್ಯಾಲ್ಸಿಯಂ ಮಾತ್ರೆಯ ಔಷಧವನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ.

ಪ್ರಶ್ನೆ: ಹೊಲಿಗೆ ಹಾಕಿದ ಗಾಯ ಮೊಸರು ತಿಂದರೆ ಕೀವಾಗುತ್ತದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ನಿತ್ರಾಣಕ್ಕೆ ನೀರು ಮಜ್ಜಿಗೆ ಸಾಕೇ?

ಉತ್ತರ: ಸಾಲದು. ಒಂದು ಪಾಲು ಮೊಸರಿಗೆ ನಾಲ್ಕು ಪಾಲು ನೀರು ಸೇರಿಸಿದ ಒಂದು ಲೋಟದಲ್ಲಿ ಒಂದೂವರೆ ಗ್ರಾಂ ಪ್ರೋಟೀನ್ ಕೂಡ ಇರುವುದಿಲ್ಲ. ಬಾಯಾರಿಕೆಗೆ ಒಳ್ಳೆಯದು. ಭೇದಿ ಜೋರಾಗಿದ್ದರೆ ಓಆರ್‌ಎಸ್ ಕೊಡಿ.

ಪ್ರಶ್ನೆ: ಕ್ಯಾನ್ಸರಿಗೆ ಕೀಮೋ ಚಿಕಿತ್ಸೆ ನಡೆಯುತ್ತಿರುವವರಿಗೆ ದೇವಸ್ಥಾನದ ಪಂಚಾಮೃತ?

ಉತ್ತರ: ಬೇಡ. ಕಾಯಿಸದ ಹಾಲು, ಹಲವರ ಕೈ, ಹೊರಗೆ ಇಟ್ಟ ಹೊತ್ತು ಎಲ್ಲ ಅದರಲ್ಲಿ ಸೇರಿರುತ್ತದೆ. ಬಿಳಿ ರಕ್ತಕಣ ಕಡಿಮೆಯಿರುವಾಗ ಮನೆಯ ಮೊಸರಿಗೂ ವೈದ್ಯರನ್ನು ಕೇಳಿ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಮನೆಯವರಿಗೆ ಕೊಡಲಿ, ಭಕ್ತಿಗೆ ಕುಂದಿಲ್ಲ.

ಪ್ರಶ್ನೆ: ಕಾಮಾಲೆಗೆ ಮಜ್ಜಿಗೆಯಲ್ಲಿ ಸೊಪ್ಪು ಅರೆದು ಮೂರು ದಿನ ಕೊಡುವವರಿದ್ದಾರೆ. ಉಪ್ಪು, ಎಣ್ಣೆ ಬಿಡಬೇಕಂತೆ.

ಉತ್ತರ: ಹೋಗಬೇಡಿ. ಕಾಮಾಲೆ ತರುವ ವೈರಸ್ ಸೋಂಕಾದ ಹೆಪಟೈಟಿಸ್ ಎ ಬಹುತೇಕರಲ್ಲಿ ತಾನಾಗಿ ಇಳಿಯುತ್ತದೆ, ಹೆಸರು ಸೊಪ್ಪಿನವರಿಗೆ ಬರುತ್ತದೆ. ಕಾಮಾಲೆಗೆ ಇಲಿಜ್ವರ, ಪಿತ್ತನಾಳದ ಕಲ್ಲು, ಮಾತ್ರೆಗಳ ಅಡ್ಡಪರಿಣಾಮವೂ ಕಾರಣವಾಗಬಹುದು. ಅಲ್ಲಿ ಕಳೆದ ಮೂರು ದಿನ ಜೀವಕ್ಕೆ ಎರವಾಗುತ್ತದೆ. ಕೈಗೆ ಬರೆ ಹಾಕುವವರ ಬಾಗಿಲಿಗಂತೂ ಹೋಗಲೇಬೇಡಿ. ಉಪ್ಪಿಲ್ಲದ ಸಪ್ಪೆ ಪಥ್ಯದಿಂದ ರೋಗಿ ಇನ್ನಷ್ಟು ಸೊರಗುತ್ತಾರೆ. ಮಾತು ತೊದಲಿದರೆ, ಹಗಲೆಲ್ಲ ಮಂಪರಾಗಿದ್ದರೆ, ಒಸಡಿನಲ್ಲಿ ರಕ್ತ ಬಂದರೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡಿ.