ಹೊರಗೆ ತಡವರಿಸುವ ರೈಲು

ಪ್ರಶ್ನೆ: ಭಾನುವಾರ ನಮ್ಮ ಗಾರ್ಡನ್ ರೈಲು (ತೋಟದಲ್ಲಿ ಹಳಿ ಹಾಕಿ ಓಡಿಸುವ ಪುಟ್ಟ ಮಾದರಿ ರೈಲು) ಕ್ಲಬ್ಬಿನವರು ಸದಸ್ಯರೊಬ್ಬರ ತೋಟದಲ್ಲಿ ಸೇರುತ್ತಿದ್ದೇವೆ. ನನ್ನ ಇಂಜಿನ್ ಮನೆಯೊಳಗೆ ಚೆನ್ನಾಗಿ ಓಡುತ್ತದೆ, ತೋಟದ ಹಳಿಯಲ್ಲಿ ನಿಂತು ನಿಂತು ಹೋಗುತ್ತದೆ. ಒಯ್ಯಲೇ, ಬೇಡವೇ?

ಉತ್ತರ: ಖಂಡಿತ ಒಯ್ಯಿರಿ. ಮನೆಯೊಳಗೆ ಓಡುತ್ತದೆ ಅಂದಮೇಲೆ ಅನುಮಾನ ಹಳಿಯ ಮೇಲೇ ಅಲ್ವಾ? ಹಿತ್ತಾಳೆ ಹಳಿ ಗಾಳಿ ಮಳೆಗೆ ಕಪ್ಪಾಗುತ್ತದೆ. ಆ ಪದರ ಇದ್ದರೆ ಚಕ್ರಕ್ಕೆ ಕರೆಂಟು ಸರಿಯಾಗಿ ಸಿಗುವುದಿಲ್ಲ.

ನಮ್ಮ ಕ್ಲಬ್ ಸೇರುವ ದಿನ ನಾನು ಒಂದು ಗಂಟೆ ಮೊದಲೇ ಹೋಗುತ್ತೇನೆ. ಪಾತ್ರೆ ಉಜ್ಜುವ ಒರಟು ಪ್ಯಾಡ್ ಹಿಡಿದು, ಮಂಡಿಯೂರಿ, 45 ಮಿಲಿಮೀಟರ್ ಅಂತರದ ಆ ಎರಡು ಹಳಿಗಳ ನೆತ್ತಿಯನ್ನಷ್ಟೇ ಉಜ್ಜುತ್ತೇನೆ. ಆಮೇಲೆ ಬಟ್ಟೆಯಲ್ಲಿ ಒರೆಸಬೇಕು. ಬಟ್ಟೆಗೆ ಕಪ್ಪು ಗೆರೆ ಹತ್ತುವುದು ನಿಂತರೆ ಸಾಕು. ಇಂಜಿನ್ನಿನ ಚಕ್ರಗಳನ್ನೂ ಒರೆಸಿ, ಜಾಸ್ತಿ ಜನ ಅದನ್ನೇ ಮರೆಯುತ್ತಾರೆ.

ತಿರುವು ಎಷ್ಟು ಬಿಗಿ ಎಂದು ಮೊದಲೇ ಕೇಳಿಕೊಳ್ಳಿ. 60 ಸೆಂಟಿಮೀಟರ್ ತ್ರಿಜ್ಯದ ತಿರುವಿನಲ್ಲಿ ಉದ್ದದ ಇಂಜಿನ್‌ಗಳು ಹಳಿ ತಪ್ಪಬಹುದು.