ಜಾಗ ನಮ್ಮದೇ, ಬೋರ್ಡ್ ಹಾಕಲು ಮಾತ್ರ ಅನುಮತಿ ಇಲ್ಲ: ಅಮೆರಿಕದ ಹೆದ್ದಾರಿ ಜಾಹೀರಾತು ನಿಯಮಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನ ಮಗಳು, ಅಳಿಯ ಅಮೆರಿಕದಲ್ಲಿ ಹೆದ್ದಾರಿಯ ಎಕ್ಸಿಟ್ ಹತ್ತಿರ ಸಣ್ಣ ಮೋಟೆಲ್ ನಡೆಸುತ್ತಾರೆ. ಅಲ್ಲಿಂದ ಎರಡು ಮೈಲಿ ಹಿಂದೆ, ಹೆದ್ದಾರಿಗೆ ಅಂಟಿಕೊಂಡೇ ಅವರದೊಂದು ಖಾಲಿ ಜಾಗ ಇದೆ. ‘ಮುಂದಿನ ಎಕ್ಸಿಟ್‌ನಲ್ಲಿ ನಮ್ಮ ಮೋಟೆಲ್’ ಅಂತ ಅಲ್ಲೊಂದು ಬೋರ್ಡ್ ಹಾಕಲು ಅರ್ಜಿ ಕೊಟ್ಟರೆ ರಾಜ್ಯದ ಸಾರಿಗೆ ಇಲಾಖೆ ಆಗಲ್ಲ ಅಂದಿದೆ. ಮೋಟೆಲ್ ಮುಂದೆ ಇದಕ್ಕಿಂತ ದೊಡ್ಡ ಬೋರ್ಡ್ ಇದೆ, ಅದಕ್ಕೆ ಯಾರ ತಕರಾರೂ ಇಲ್ಲ. ಸ್ವಂತ ಜಾಗ, ಸ್ವಂತ ವ್ಯಾಪಾರ. ಇದು ಯಾವ ನ್ಯಾಯ? ಅಳಿಯ ಕೋರ್ಟಿಗೆ ಹೋಗುತ್ತೇನೆ ಅಂತಿದ್ದಾರೆ.

ಉತ್ತರ: ನಿಮ್ಮ ಬೇಸರ ಸಹಜವೇ. ಆದರೆ ಕೋರ್ಟಿಗೆ ಹೋಗುವ ಮೊದಲು ಅಳಿಯಂದಿರು ಇದನ್ನು ಓದಲಿ.

ಜಾಗ ಯಾರದು ಅನ್ನುವುದು ಈ ಕಾನೂನಿಗೆ ಮುಖ್ಯವಲ್ಲ. ಬೋರ್ಡ್ ಹೇಳುವ ವ್ಯಾಪಾರ ಬೋರ್ಡ್ ನಿಂತಿರುವ ಜಾಗದಲ್ಲೇ ನಡೆಯುತ್ತಿದೆಯಾ? ಅಷ್ಟನ್ನೇ ಅದು ನೋಡುತ್ತದೆ. ಮೋಟೆಲ್ ಮುಂದಿನ ಬೋರ್ಡ್ ‘ಆನ್-ಪ್ರೆಮಿಸ್’. ಅಂಗಡಿಯ ಹೆಸರಿನ ಬೋರ್ಡ್ ಇದ್ದ ಹಾಗೆ, ಅದಕ್ಕೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಕಾನೂನು ಅಡ್ಡ ಬರುವುದಿಲ್ಲ. ಎರಡು ಮೈಲಿ ದೂರದ ಬೋರ್ಡ್ ‘ಆಫ್-ಪ್ರೆಮಿಸ್’. ಜಾಗ ಅವರದೇ ಆದರೂ ಅದು ಜಾಹೀರಾತು ಫಲಕ ಅಂತಲೇ ಲೆಕ್ಕ.

ಇದರ ಬುಡ ಇರುವುದು ‘ಹೈವೇ ಬ್ಯೂಟಿಫಿಕೇಶನ್ ಆಕ್ಟ್’ ಎಂಬ ಕಾನೂನಿನಲ್ಲಿ. 1965ರ ಅಕ್ಟೋಬರ್ 22ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಇದಕ್ಕೆ ಸಹಿ ಹಾಕಿದರು. ಇದರ ಬೆನ್ನಿಗೆ ನಿಂತವರು ಅವರ ಪತ್ನಿ ಲೇಡಿ ಬರ್ಡ್ ಜಾನ್ಸನ್. ಇಂಟರ್‌ಸ್ಟೇಟ್ ಮತ್ತು ಇತರ ಮುಖ್ಯ ಹೆದ್ದಾರಿಗಳ ಅಕ್ಕಪಕ್ಕ 660 ಅಡಿ, ಅಂದರೆ ಸುಮಾರು 200 ಮೀಟರ್ ಒಳಗಿನ ಜಾಹೀರಾತುಗಳನ್ನು ರಾಜ್ಯಗಳು ಹತೋಟಿಯಲ್ಲಿ ಇಡಬೇಕು ಅಂತ ಕಾನೂನು ಹೇಳಿತು. ಈ 660 ಅಡಿಯನ್ನು ಡಾಂಬರಿನ ಅಂಚಿನಿಂದ ಅಳೆಯುವುದಿಲ್ಲ, ಹೆದ್ದಾರಿಗೆ ಸೇರಿದ ಜಾಗದ ಗಡಿಯಿಂದ ಅಳೆಯುತ್ತಾರೆ. ಸುಮಾರು ಜನ ಎಡವುವುದು ಇಲ್ಲೇ. ಹಾಗಾದರೆ 661ನೇ ಅಡಿಯಲ್ಲಿ ಕಂಬ ನೆಟ್ಟರೆ? ಆಗ ಕಂಪನಿಗಳು ಮಾಡಿದ್ದೂ ಅದನ್ನೇ. ದೂರದ ಹೊಲಗಳಲ್ಲಿ ಇನ್ನೂ ದೊಡ್ಡ ದೊಡ್ಡ ಬೋರ್ಡ್‌ಗಳು ಎದ್ದವು. 1974ರ ತಿದ್ದುಪಡಿ ಆ ದಾರಿಯನ್ನೂ ಮುಚ್ಚಿತು. ನಗರ ಪ್ರದೇಶದ ಹೊರಗೆ, ಹೆದ್ದಾರಿಯಿಂದ ಓದಲಿ ಅಂತಲೇ ಹಾಕಿದ ಬೋರ್ಡ್ ಎಷ್ಟು ದೂರ ಇದ್ದರೂ ನಿಯಮಕ್ಕೆ ಒಳಪಡುತ್ತದೆ.

ವಿನಾಯಿತಿಗಳೂ ಇವೆ. ‘ಈ ಜಾಗ ಮಾರಾಟಕ್ಕಿದೆ’ ಎಂಬ ಬೋರ್ಡನ್ನು ಅದೇ ಜಾಗದಲ್ಲಿ ಹಾಕಬಹುದು. ಪ್ರಯಾಣಿಕರಿಗೆ ಪುಕ್ಕಟೆ ಕಾಫಿ ಕೊಡುವ ಸೇವಾ ಸಂಸ್ಥೆಗಳ ಬೋರ್ಡ್‌ಗೂ ಕಾನೂನಿನಲ್ಲೇ ಜಾಗ ಇದೆ. ತೂಕಡಿಸುವ ಚಾಲಕ ಇಳಿದು ಒಂದು ಲೋಟ ಕಾಫಿ ಕುಡಿಯಲಿ ಅಂತ ಕಾನೂನು ಮಾಡುವವರು ಯೋಚಿಸಿದ್ದು ನನಗೆ ತುಂಬಾ ಹಿಡಿಸಿದ ವಿಷಯ.

ನಿಮಗೆ ಉಪಯೋಗವಾಗಬಹುದಾದ ವಿನಾಯಿತಿ ಬೇರೆ. ಜಾಗ ವಾಣಿಜ್ಯ ಅಥವಾ ಕೈಗಾರಿಕಾ ವಲಯದಲ್ಲಿದ್ದರೆ ಜಾಹೀರಾತಿಗೆ ಅವಕಾಶ ಸಿಗಬಹುದು. ಆಗಲೂ ಬೋರ್ಡಿನ ಅಳತೆ, ಬೆಳಕು, ಎರಡು ಬೋರ್ಡ್‌ಗಳ ನಡುವಿನ ಅಂತರಕ್ಕೆ ಆಯಾ ರಾಜ್ಯದ ನಿಯಮ ಇರುತ್ತದೆ. ಖಾಲಿ ಜಾಗದ ಝೋನಿಂಗ್ ಏನು, ಅಂದರೆ ಅದು ಯಾವ ವಲಯಕ್ಕೆ ಸೇರಿದೆ ಅಂತ ಕೌಂಟಿ (ನಮ್ಮ ಜಿಲ್ಲೆಯಂಥದು) ಕಚೇರಿಯಲ್ಲಿ ವಿಚಾರಿಸಲಿ. ಬೋರ್ಡ್ ಹಾಕುವುದಕ್ಕೆಂದೇ ಆ ತುಂಡು ಜಾಗವನ್ನು ವಾಣಿಜ್ಯ ಅಂತ ಬದಲಾಯಿಸಿಕೊಂಡು ಬಂದರೆ ಮಾತ್ರ ನಡೆಯುವುದಿಲ್ಲ. ಅಂಥ ಝೋನಿಂಗ್‌ಗೆ ಮಾನ್ಯತೆ ಇಲ್ಲ ಅಂತ ಫೆಡರಲ್ ನಿಯಮದಲ್ಲೇ ಬರೆದಿದೆ.

ಇನ್ನು ಕೋರ್ಟಿನ ಮಾತು. ಆನ್-ಪ್ರೆಮಿಸ್, ಆಫ್-ಪ್ರೆಮಿಸ್ ಅಂತ ಭೇದ ಮಾಡುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಅಂತ ಟೆಕ್ಸಸ್‌ನ ಆಸ್ಟಿನ್ ನಗರದ ಮೇಲೆ ಜಾಹೀರಾತು ಕಂಪನಿಗಳು ಕೇಸು ಹಾಕಿದ್ದವು. ಅದು ಸುಪ್ರೀಂ ಕೋರ್ಟ್ ತನಕ ಹೋಯಿತು. 2022ರ ಏಪ್ರಿಲ್‌ನಲ್ಲಿ 6-3ರ ಬಹುಮತದ ತೀರ್ಪು ಬಂತು: ಬೋರ್ಡ್ ಆನ್-ಪ್ರೆಮಿಸ್ ಹೌದೋ ಅಲ್ಲವೋ ಅಂತ ತಿಳಿಯುವುದಕ್ಕೆ ಅದನ್ನು ಓದಬೇಕಾದರೂ, ಅಷ್ಟಕ್ಕೇ ಅದು ಮಾತಿನ ವಿಷಯ ನೋಡಿ ಹಾಕಿದ ನಿರ್ಬಂಧ ಆಗುವುದಿಲ್ಲ. ಈ ತೀರ್ಪು ಇರುವಾಗ ಅಳಿಯಂದಿರು ವಕೀಲರಿಗೆ ದುಡ್ಡು ಸುರಿಯುವುದು ಬೇಡ ಅನ್ನುತ್ತೇನೆ.

ಆ ದುಡ್ಡಿನಲ್ಲಿ ನೀಲಿ ಬೋರ್ಡಿಗೆ ಅರ್ಜಿ ಹಾಕಲಿ. ಎಕ್ಸಿಟ್‌ಗೆ ಮುಂಚೆ ‘ಗ್ಯಾಸ್’ (ಪೆಟ್ರೋಲ್), ‘ಫುಡ್’, ‘ಲಾಡ್ಜಿಂಗ್’ ಅಂತ ಬರೆದು, ಕೆಳಗೆ ಅಂಗಡಿ, ಹೋಟೆಲ್‌ಗಳ ಲೋಗೊ ಹಾಕಿರುವ ನೀಲಿ ಫಲಕಗಳನ್ನು ನೀವೂ ನೋಡಿರುತ್ತೀರಿ. ಅವನ್ನು ನಿಲ್ಲಿಸುವುದು ಸರ್ಕಾರದ ಕಡೆಯಿಂದಲೇ, ಹೆದ್ದಾರಿಯ ಜಾಗದಲ್ಲೇ. ಒಂದು ಫಲಕದಲ್ಲಿ ಹೆಚ್ಚೆಂದರೆ ಆರು ಲೋಗೊ. ಸಾಮಾನ್ಯವಾಗಿ ಎಕ್ಸಿಟ್‌ನಿಂದ ಮೂರು ಮೈಲಿ ಒಳಗಿನ ವ್ಯಾಪಾರಗಳಿಗೆ ಮೊದಲ ಅವಕಾಶ. ಶುಲ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ದಣಿದ ಚಾಲಕ ರಾತ್ರಿ ಹತ್ತಕ್ಕೆ ರೂಮು ಹುಡುಕುವಾಗ ಅವನ ಕಣ್ಣು ಹೋಗುವುದು ಆ ನೀಲಿ ಫಲಕಕ್ಕೇ. ನಿಮ್ಮವರ ಮೋಟೆಲ್ ಎಕ್ಸಿಟ್ ಹತ್ತಿರವೇ ಇದೆ, ಹಾಗಾಗಿ ಇದೇ ಸರಿಯಾದ ದಾರಿ.

ಒಂದು ಎಚ್ಚರಿಕೆ. ಖಾಲಿ ಜಾಗದಲ್ಲಿ ಹಳೇ ಟ್ರೈಲರ್ ನಿಲ್ಲಿಸಿ ಅದಕ್ಕೆ ಬ್ಯಾನರ್ ಕಟ್ಟಿ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಎಷ್ಟೋ ರಾಜ್ಯಗಳಲ್ಲಿ ಅದನ್ನೂ ಜಾಹೀರಾತು ಫಲಕ ಅಂತಲೇ ಪರಿಗಣಿಸುತ್ತಾರೆ.

ಪ್ರಶ್ನೆ: ಮಗನ ಜತೆ ನ್ಯೂಯಾರ್ಕ್ ರಾಜ್ಯದಿಂದ ವರ್ಮಾಂಟ್‌ಗೆ ಕಾರಿನಲ್ಲಿ ಹೋಗಿದ್ದೆವು. ಗಡಿ ದಾಟಿದ ಮೇಲೆ ಒಂದೇ ಒಂದು ಜಾಹೀರಾತು ಬೋರ್ಡ್ ಇಲ್ಲ. ಒಂದೇ ದೇಶ, ಒಂದೇ ಕಾನೂನು ಅಲ್ವಾ?

ಉತ್ತರ: ಫೆಡರಲ್ ಕಾನೂನು ಹೇಳುವುದು ಕನಿಷ್ಠ ಇಷ್ಟಾದರೂ ಮಾಡಿ ಅಂತ. ಮಾಡದ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ ಶೇ 10ರಷ್ಟು ಕಡಿತ ಮಾಡಬಹುದು. ಅದಕ್ಕಿಂತ ಬಿಗಿ ಮಾಡಿಕೊಳ್ಳುವುದು ರಾಜ್ಯಕ್ಕೆ ಬಿಟ್ಟಿದ್ದು. ವರ್ಮಾಂಟ್ 1968ರಲ್ಲೇ ಆಫ್-ಪ್ರೆಮಿಸ್ ಬೋರ್ಡ್‌ಗಳನ್ನು ಪೂರ್ತಿ ನಿಷೇಧಿಸಿತು. ಮೇನ್ ರಾಜ್ಯ 1970ರ ದಶಕದಲ್ಲಿ ಅದೇ ದಾರಿ ಹಿಡಿಯಿತು. ಅಲಾಸ್ಕಾದಲ್ಲಿ 1998ರಲ್ಲಿ ಜನರೇ ಮತ ಹಾಕಿ ನಿಷೇಧವನ್ನು ಗಟ್ಟಿ ಮಾಡಿದರು. ಎಲ್ಲಕ್ಕಿಂತ ಹಳೆಯದು ಹವಾಯಿ. ಅಲ್ಲಿನ ‘ದಿ ಔಟ್‌ಡೋರ್ ಸರ್ಕಲ್’ ಎಂಬ ಮಹಿಳೆಯರ ಸಂಘ ಬೋರ್ಡ್‌ಗಳಲ್ಲಿ ಜಾಹೀರಾತು ಕೊಟ್ಟವರ ಸಾಮಾನು ಕೊಳ್ಳಬೇಡಿ ಅಂತ ವರ್ಷಗಟ್ಟಲೆ ಪ್ರಚಾರ ಮಾಡಿತು. ಕೊನೆಗೆ ಉಳಿದಿದ್ದ ಜಾಹೀರಾತು ಕಂಪನಿಯನ್ನೇ ಕೊಂಡುಕೊಂಡು ಮುಚ್ಚಿತು. 1927ರಲ್ಲಿ ಕಾನೂನೂ ಬಂತು.

ಹಾಗಂತ ವರ್ಮಾಂಟ್ ವ್ಯಾಪಾರಿಗಳನ್ನು ಕೈಬಿಡಲಿಲ್ಲ. ಕೂಡುರಸ್ತೆಗಳ ಹತ್ತಿರ ಒಂದೇ ಅಳತೆಯ ಚಿಕ್ಕ ಹಲಗೆಗಳು, ಅದರಲ್ಲಿ ವ್ಯಾಪಾರದ ಹೆಸರು, ಬಾಣದ ಗುರುತು, ದೂರ. ನಿಮ್ಮ ಮಗನಿಗೆ ಕೇಳಿ, ಗಮನಿಸಿರಬಹುದು.

ಬೇರೆ ಕಡೆ ಬೋರ್ಡ್‌ಗಳು ಇಷ್ಟೊಂದು ಉಳಿದಿದ್ದು ಯಾಕೆ? ವಾಣಿಜ್ಯ ವಲಯದ ವಿನಾಯಿತಿ ಒಂದು ಕಾರಣ. ಪರಿಹಾರ ಇನ್ನೊಂದು, ಹೆಚ್ಚು ಪೆಟ್ಟು ಕೊಟ್ಟಿದ್ದು ಇದೇ. ಮೊದಲೇ ಕಾನೂನುಬದ್ಧವಾಗಿ ನಿಂತಿರುವ ಬೋರ್ಡ್ ತೆಗೆಸಬೇಕಾದರೆ ಮಾಲೀಕನಿಗೂ ಜಾಗದವನಿಗೂ ನಗದು ಪರಿಹಾರ ಕೊಡಬೇಕು. ಮೊದಲು ಕೆಲವು ಊರುಗಳು ‘ಇಷ್ಟು ವರ್ಷ ದುಡಿದುಕೊಳ್ಳಿ, ಆಮೇಲೆ ಕಿತ್ತುಹಾಕಿ’ ಅಂತ ಗಡುವು ಕೊಟ್ಟು ತೆಗೆಸುತ್ತಿದ್ದವು. 1978ರ ತಿದ್ದುಪಡಿ ಈ ಹೆದ್ದಾರಿಗಳ ಪಕ್ಕದಲ್ಲಿ ಅದಕ್ಕೂ ನಗದನ್ನೇ ಕಡ್ಡಾಯ ಮಾಡಿತು. ಊರುಗಳ ಹತ್ತಿರ ಅಷ್ಟು ಹಣ ಎಲ್ಲಿಂದ ಬರಬೇಕು? ನನ್ನ ಪ್ರಕಾರ ಈ ಕಾನೂನಿನ ಬೆನ್ನು ಮುರಿದಿದ್ದು ಆ ಒಂದು ತಿದ್ದುಪಡಿ. ದಾರಿಯಲ್ಲಿ ಹೋಗುವವರ ಕಣ್ಣೆದುರಿನ ಬೆಟ್ಟ, ಹೊಲ, ಆಕಾಶ ಎಲ್ಲರಿಗೂ ಸೇರಿದ್ದು. ಅದನ್ನು ಬಾಡಿಗೆಗೆ ಕೊಟ್ಟು ಸಂಪಾದಿಸಿದವರಿಗೆ ಸಾರ್ವಜನಿಕರೇ ಮತ್ತೆ ದುಡ್ಡು ಕಟ್ಟಬೇಕು ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ನಾನು ರಾತ್ರಿ ಪಾಳಿ ಮುಗಿಸಿ ಇಂಟರ್‌ಸ್ಟೇಟ್‌ನಲ್ಲಿ ಮನೆಗೆ ಬರುತ್ತೇನೆ. ಹೊಸದಾಗಿ ಹಾಕಿದ ಡಿಜಿಟಲ್ ಬೋರ್ಡ್ ಕಣ್ಣಿಗೆ ಹೊಡೆಯುತ್ತದೆ. ಇದಕ್ಕೆ ನಿಯಮವೇ ಇಲ್ಲವೇ?

ಉತ್ತರ: ಇದೆ. ಮಿನುಗುವ, ಚಲಿಸುವ ಬೆಳಕು ಬೇಡ ಅಂತ ರಾಜ್ಯಗಳು ಫೆಡರಲ್ ಸರ್ಕಾರದ ಜತೆ ಮಾಡಿಕೊಂಡ ಹಳೆಯ ಒಪ್ಪಂದಗಳಲ್ಲೇ ಇತ್ತು. ಆದರೆ ಒಂದು ಚಿತ್ರ ಕೆಲವು ಸೆಕೆಂಡ್ ಸುಮ್ನೆ ನಿಂತು ಆಮೇಲೆ ಬದಲಾದರೆ ಅದು ಮಿನುಗಿದಂತೆ ಅಲ್ಲ ಅಂತ ಫೆಡರಲ್ ಹೆದ್ದಾರಿ ಇಲಾಖೆ 2007ರಲ್ಲಿ ಹೇಳಿತು. ಒಂದು ಚಿತ್ರ 4ರಿಂದ 10 ಸೆಕೆಂಡ್ ನಿಲ್ಲಬೇಕು, 8 ಆದರೆ ಒಳ್ಳೆಯದು. ಸುತ್ತಲಿನ ಬೆಳಕಿಗೆ ತಕ್ಕಂತೆ ಬೋರ್ಡಿನ ಬೆಳಕು ಕಮ್ಮಿಯಾಗಬೇಕು.

ನನಗೆ ಇದು ಸಾಲದು ಅನ್ನಿಸುತ್ತದೆ. ರಸ್ತೆಯಿಂದ ಕಣ್ಣು ಎರಡು ಸೆಕೆಂಡ್‌ಗಿಂತ ಜಾಸ್ತಿ ಆಚೆ ಹೋದರೆ ಅಪಘಾತದ ಸಂಭವ ಕನಿಷ್ಠ ದುಪ್ಪಟ್ಟಾಗುತ್ತದೆ ಅಂತ ಅಮೆರಿಕ ಸರ್ಕಾರದ್ದೇ 2006ರ ಅಧ್ಯಯನ ಹೇಳಿದೆ. ಗಂಟೆಗೆ 65 ಮೈಲಿ ವೇಗದಲ್ಲಿ ಎರಡು ಸೆಕೆಂಡ್ ಅಂದರೆ ಕಾರು 58 ಮೀಟರ್ ಮುಂದೆ ಹೋಗಿರುತ್ತದೆ. ಮುಂದಿನ ಚಿತ್ರ ಏನು ಬರುತ್ತೆ ಅಂತ ಕಾಯುವ ಕಣ್ಣಿಗೆ ಎರಡು ಸೆಕೆಂಡ್ ಗೊತ್ತೇ ಆಗುವುದಿಲ್ಲ.

ದೂರು ಕೊಡಿ. ರಾಜ್ಯ ಸಾರಿಗೆ ಇಲಾಖೆಯಲ್ಲಿ ಹೊರಾಂಗಣ ಜಾಹೀರಾತು ನೋಡಿಕೊಳ್ಳುವ ವಿಭಾಗ ಇರುತ್ತದೆ. ಮೈಲಿಗಲ್ಲಿನ ಸಂಖ್ಯೆ, ಯಾವ ದಿಕ್ಕಿಗೆ ಹೋಗುತ್ತಿದ್ದಿರಿ, ಸಮಯ ಎಷ್ಟು, ಚಿತ್ರ ಎಷ್ಟು ಸೆಕೆಂಡಿಗೆ ಬದಲಾಗುತ್ತದೆ, ಇಷ್ಟನ್ನು ಬರೆಯಿರಿ. ಗಾಡಿ ಓಡಿಸುತ್ತಾ ಸೆಕೆಂಡ್ ಎಣಿಸಬೇಡಿ, ಪಕ್ಕದಲ್ಲಿ ಕೂತವರು ಎಣಿಸಲಿ. ಬಹಳಷ್ಟು ರಾಜ್ಯಗಳಲ್ಲಿ ಬೋರ್ಡಿನ ಕಂಬಕ್ಕೆ ಪರ್ಮಿಟ್ ಸಂಖ್ಯೆಯ ಚಿಕ್ಕ ತಗಡು ಬಡಿದಿರುತ್ತಾರೆ. ಹಗಲಲ್ಲಿ ಸರ್ವಿಸ್ ರಸ್ತೆಯಿಂದ ಅದು ಓದಲು ಸಿಕ್ಕಿದರೆ ಆ ಸಂಖ್ಯೆಯನ್ನೂ ದೂರಿನಲ್ಲಿ ಸೇರಿಸಿ.